ರೆಂಬ್ರಾಂಟ್‌ನ ಆನೆ, ರೆಂಬ್ರಾಂಟ್‌ನ ಶಂಖ: ತಾಮ್ರದ ತಗಡಿನ ಮೇಲಿನ ಪ್ರಾಣಿಚಿತ್ರಗಳು

[ತೆರೆಯ ಮೇಲೆ: ‘ಆಡಮ್ ಮತ್ತು ಈವ್’, 1638]

ನಮಸ್ಕಾರ. ಇದು ಡಚ್ ಕಲಾವಿದ ರೆಂಬ್ರಾಂಟ್ 1638ರಲ್ಲಿ ರಚಿಸಿದ ಎಚ್ಚಿಂಗ್, ಅಂದರೆ ಆಮ್ಲದಿಂದ ಕೊರೆದ ತಾಮ್ರದ ತಗಡಿನಿಂದ ಕಾಗದಕ್ಕೆ ಅಚ್ಚೊತ್ತಿದ ಚಿತ್ರ. ಮರದ ಕೆಳಗೆ ಹಣ್ಣು ಹಿಡಿದು ನಿಂತ ಆಡಮ್ ಮತ್ತು ಈವ್ ಅವರ ಮೇಲೆಯೇ ನಮ್ಮ ಕಣ್ಣು ನೆಡುತ್ತದೆ. ಆದರೆ ಬಲಬದಿಯ ಕೆಳಭಾಗದಲ್ಲಿ, ಬಿಸಿಲು ತುಂಬಿದ ಬಯಲಿನಲ್ಲಿ, ಬಹಳ ಚಿಕ್ಕದಾಗಿ ಒಂದು ಆನೆಯಿದೆ.

ಅದು ಕೇಳಿ ಬರೆದ ಆನೆಯಲ್ಲ. ಸಿಲೋನಿನಲ್ಲಿ ಹುಟ್ಟಿ, ಹಡಗಿನಲ್ಲಿ ಹಾಲೆಂಡಿಗೆ ಬಂದು, ಯುರೋಪಿನ ಊರೂರುಗಳಲ್ಲಿ ಪ್ರದರ್ಶನಕ್ಕೆ ನಿಂತ ಹಾನ್ಸ್‌ಕೆನ್ ಎಂಬ ಹೆಣ್ಣಾನೆಯನ್ನು ರೆಂಬ್ರಾಂಟ್ ಹಿಂದಿನ ವರ್ಷವಷ್ಟೇ ಕಪ್ಪು ಸೀಮೆಸುಣ್ಣದಲ್ಲಿ ಚಿತ್ರಿಸಿದ್ದ. ಜೋತುಬಿದ್ದ ಚರ್ಮದ ಮಡಿಕೆಗಳನ್ನೂ ದೇಹದ ಭಾರವನ್ನೂ ಆ ರೇಖಾಚಿತ್ರಗಳು ಎಷ್ಟು ನಿಷ್ಠೆಯಿಂದ ಹಿಡಿದಿವೆಯೆಂದರೆ, ಆನೆಯನ್ನು ಹತ್ತಿರದಿಂದ ಬಲ್ಲ ನಮ್ಮವರೂ ಅವುಗಳನ್ನು ಮೆಚ್ಚದೆ ಇರಲಾರರು. ಹಾನ್ಸ್‌ಕೆನ್ 1655ರಲ್ಲಿ ಫ್ಲಾರೆನ್ಸ್‌ನಲ್ಲಿ ಸತ್ತಳು. ನೆಲಕ್ಕೊರಗಿದ ಅವಳ ದೇಹವನ್ನು ಚಿತ್ರಿಸಿದವನು ಆ ಊರಿನವನೇ ಆದ, ಎಚ್ಚಿಂಗ್‌ನಲ್ಲಿ ಪಳಗಿದ ಸ್ಟೆಫಾನೊ ಡೆಲ್ಲಾ ಬೆಲ್ಲಾ. ಅವಳ ಅಸ್ಥಿಪಂಜರ ಇಂದಿಗೂ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ.

ಇದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲು, 1515ರಲ್ಲಿ, ಗುಜರಾತಿನಿಂದ ಲಿಸ್ಬನ್‌ಗೆ ಹೋದ ಖಡ್ಗಮೃಗವನ್ನು ಜರ್ಮನ್ ಕಲಾವಿದ ಡ್ಯೂರರ್ ಕಣ್ಣಾರೆ ಕಾಣದೆಯೇ ಮರದಚ್ಚಿಗೆ ಇಳಿಸಿ, ಅದಕ್ಕೆ ಯೋಧನ ಕವಚದಂತಹ ಮೈ ಕೊಟ್ಟಿದ್ದ. ರೆಂಬ್ರಾಂಟ್ ಬದುಕಿದ್ದ ಹದಿನೇಳನೆಯ ಶತಮಾನದ, ಅಂದರೆ ಬರೋಕ್ ಕಾಲದ ಕಲಾವಿದರು ಪ್ರಾಣಿಯ ಎದುರಿಗೇ ಕುಳಿತು ನೋಡಲು ತೊಡಗಿದರು. ಎಚ್ಚಿಂಗ್ ಆ ನೋಟಕ್ಕೆ ಒದಗಿಬಂತು.

[ತೆರೆಯ ಮೇಲೆ: ತಾಮ್ರದ ತಗಡು, ಸೂಜಿ]

ನುಣುಪಾದ ತಾಮ್ರದ ತಗಡಿಗೆ ಮೇಣ ಮತ್ತು ರಾಳ ಬೆರೆತ ತೆಳುಲೇಪ ಹಚ್ಚಿ, ಅದನ್ನು ಹೊಗೆಯಲ್ಲಿ ಕಪ್ಪಾಗಿಸಿ, ಕಲಾವಿದ ಸೂಜಿಯಿಂದ ಗೀರುತ್ತಾನೆ. ಲೋಹವನ್ನೇ ಉಳಿಯಿಂದ ಕೆತ್ತುವ ಶ್ರಮ ಇಲ್ಲಿಲ್ಲ. ಮೇಣವಷ್ಟೇ ಸರಿಯುವುದರಿಂದ ಕೈ ಲೇಖನಿ ಹಿಡಿದಂತೆಯೇ ಓಡುತ್ತದೆ. ಆಮೇಲೆ ಆಮ್ಲದಲ್ಲಿ ಮುಳುಗಿಸಿದಾಗ ಗೀರಿದ ಜಾಗಗಳನ್ನು ಮಾತ್ರ ಆಮ್ಲ ಕೊರೆಯುತ್ತದೆ. ಹೆಚ್ಚು ಹೊತ್ತು ಕೊರೆದ ಗೆರೆ ಹೆಚ್ಚು ಶಾಯಿ ಹಿಡಿದು ಗಾಢವಾಗಿ ಮೂಡುತ್ತದೆ. ತುಪ್ಪಳ, ಗರಿ, ಸುಕ್ಕುಗಳಿಗೆ ಇದಕ್ಕಿಂತ ಹೊಂದುವ ವಿಧಾನ ಆ ಕಾಲದಲ್ಲಿ ಇರಲಿಲ್ಲವೆಂದೇ ನನ್ನ ನಂಬಿಕೆ.

[ತೆರೆಯ ಮೇಲೆ: ‘ಶಂಖ’, 1650]

ರೆಂಬ್ರಾಂಟ್‌ನ ಈ ಪುಟ್ಟ ಮುದ್ರಣವನ್ನು ನಿಧಾನವಾಗಿ ನೋಡಬೇಕು. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರಗಳ ವಿಷಕಾರಿ ಬಸವನಹುಳುವೊಂದರ ಚಿಪ್ಪು ಇದು. ಅದರ ಕಪ್ಪು ಮೈತುಂಬ ಬಿಳಿಯ ಮಚ್ಚೆಗಳಿವೆ. ಮೊದಲ ಹಂತದ ಮುದ್ರಣದಲ್ಲಿ ಹಿನ್ನೆಲೆ ಖಾಲಿಯಿತ್ತು. ಬಳಿಕ ಅವನು ಹಿನ್ನೆಲೆಯನ್ನು ಒತ್ತೊತ್ತಾದ ಅಡ್ಡಗೆರೆಗಳಿಂದ ಕಪ್ಪಾಗಿಸಿದ. ಚಿಪ್ಪು ಕತ್ತಲಿನಿಂದ ಮುಂದೆ ಬಂದು ಕುಳಿತಂತಾಯಿತು. ಒಂದು ಸಂಗತಿ ಗಮನಿಸಿ: ಅಚ್ಚಿನಲ್ಲಿ ಎಡಬಲಗಳು ಅದಲುಬದಲಾಗುತ್ತವೆ. ಸಹಿ ನೇರವಾಗಿ ಓದುವಂತೆ ಬರಲೆಂದು ರೆಂಬ್ರಾಂಟ್ ಅದನ್ನು ತಗಡಿನ ಮೇಲೆ ತಿರುಗುಮುರುಗಾಗಿ ಬರೆದ, ಆದರೆ ಚಿಪ್ಪನ್ನು ಕಂಡಂತೆಯೇ ಬರೆದ. ಹಾಗಾಗಿ ಕಾಗದದ ಮೇಲಿನ ಸುರುಳಿ ನಿಜವಾದ ಚಿಪ್ಪಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತದೆ.

[ತೆರೆಯ ಮೇಲೆ: ಪೌಲುಸ್ ಪಾಟರ್‌ನ ಕುದುರೆಗಳು, 1652]

ದೂರದೇಶದ ಅಪರೂಪಗಳನ್ನು ಬಿಟ್ಟು ಕೊಟ್ಟಿಗೆಯ ಪ್ರಾಣಿಗಳತ್ತ ತಿರುಗಿದವನು ಇನ್ನೊಬ್ಬ ಡಚ್ ಕಲಾವಿದ ಪಾಟರ್. ತನ್ನ ಆಯುಷ್ಯದ ಕೊನೆಗೆ ಎರಡು ವರ್ಷ ಮೊದಲು ಅವನು ಐದು ಕುದುರೆಗಳ ಎಚ್ಚಿಂಗ್ ಮಾಲೆಯನ್ನು ರಚಿಸಿದ. ತುಂಬಿದ ಮೈಯ ಫ್ರೀಸಿಯನ್ ತಳಿಯ ಕುದುರೆಯಿಂದ ಆರಂಭವಾಗುವ ಮಾಲೆ ದುಡಿದು ಸವೆದ ಮುದಿಕುದುರೆಯೊಂದಿಗೆ ಮುಗಿಯುತ್ತದೆ. ಅದರ ಬಳಿ ಇನ್ನೊಂದು ಕುದುರೆ ಸತ್ತುಬಿದ್ದಿದೆ. ಸವಾರನಿಲ್ಲ, ಯುದ್ಧವಿಲ್ಲ, ರಾಜನಿಲ್ಲ. ದುಡಿಯುವ ಪ್ರಾಣಿಯೊಂದರ ಇಡೀ ಬದುಕನ್ನು ಚಿತ್ರಕ್ಕೆ ಸಾಕಾದ ವಸ್ತುವೆಂದು ಬಗೆದ ಪಾಟರ್‌ಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ.