ಸಿಂಕ್ ತೂತಿನ ಕಲ್ಲು, ತಾತನ ಕತ್ತಿ

ಕೇಳುಗರೇ, ನಮಸ್ಕಾರ.

ಹೋದ ವರ್ಷ ನಮ್ಮ ಅಡುಗೆಮನೆ ಕಟ್ಟೆಗೆ ಹೊಸ ಗ್ರಾನೈಟ್ ಹಾಕಿಸಿದೆವು. ಸಿಂಕ್ ಕೂರಿಸಲು ಕಲ್ಲಿನ ನಡುವೆ ಚೌಕವಾಗಿ ಕೊರೆಯುತ್ತಾರಲ್ಲ, ಆ ತುಂಡು ಹಿತ್ತಲಲ್ಲಿ ಬಿದ್ದಿತ್ತು. ಕಪ್ಪಗೆ, ಕನ್ನಡಿಯಂತೆ ಹೊಳೆಯುತ್ತಿತ್ತು. ನನಗೋ ತಾತನ ಕಾಲದ ಮಡಿಸುವ ಕ್ಷೌರದ ಕತ್ತಿಯ ಹುಚ್ಚು. ಕೊನೆಯ ನಯ ಕೊಡುವ ಒಳ್ಳೆಯ ಸಾಣೆಕಲ್ಲು ಬೇಕೆಂದರೆ ಸಾವಿರಾರು ರೂಪಾಯಿ ಬಿಚ್ಚಬೇಕು. ಇಷ್ಟು ನುಣುಪಾದ ಕಲ್ಲು ಬಿಟ್ಟಿಯಾಗಿ ಸಿಕ್ಕಿರುವಾಗ ಇದರಲ್ಲೇ ಯಾಕೆ ಮಸೆಯಬಾರದು ಅನ್ನಿಸಿತು.

ಆಸೆ ಅಲ್ಲಿಗೆ ನಿಲ್ಲಲಿಲ್ಲ. ಜಿಗಣಿ ಕಡೆ ಹೋಗಿ, ಕಲ್ಲು ಕತ್ತರಿಸುವ ಒಂದು ಅಂಗಳದಲ್ಲಿ ಇನ್ನೂ ನಾಲ್ಕು ಚೂರು ಆರಿಸಿಕೊಂಡೆ. ಬಿಳಿ ಮಾರ್ಬಲ್, ಕಡಪ ಕಲ್ಲು, ಸ್ಲೇಟ್, ಜೊತೆಗೆ ಈಗ ಎಲ್ಲರೂ ಕೇಳುವ ಕ್ವಾರ್ಟ್ಜ್ ಸ್ಲ್ಯಾಬು.

"ಇಷ್ಟೇ ಇಷ್ಟು ತುಂಡಲ್ಲಿ ಏನ್ ಮಾಡ್ತೀರಾ ಸಾರ್?" ಅಂದ ಅಲ್ಲಿನ ಹುಡುಗ.

"ಗಡ್ಡ ಮಾಡ್ಕೋತೀನಪ್ಪ" ಅಂದೆ.

ಅವನು ನಗಲಿಲ್ಲ. ಇನ್ನೊಬ್ಬನನ್ನು ಕರೆದು ನನ್ನನ್ನು ತೋರಿಸಿದ.

ಈ ಕತ್ತಿಯನ್ನು ಮಸೆಯುವ ರೀತಿಯೇ ಬೇರೆ. ಇದಕ್ಕೆ ದಪ್ಪನೆಯ ಬೆನ್ನಿದೆ. ಬೆನ್ನು, ಅಲಗು ಎರಡನ್ನೂ ಕಲ್ಲಿಗೆ ತಾಗಿಸಿ ಮಲಗಿಸಬೇಕು. ಆಗ ಎಷ್ಟು ಓರೆ ಹಿಡಿಯಬೇಕೆಂದು ಕತ್ತಿಯೇ ಹೇಳುತ್ತದೆ. ಅಲಗು ಮುಂದಾಗಿ ಸರಿಸಬೇಕು, ಕಾವಲಿಯ ಮೇಲಿನ ದೋಸೆಯ ಅಡಿಗೆ ಮಗುಚುವ ಕೈ ತೂರಿಸುತ್ತೇವಲ್ಲ, ಹಾಗೆ. ಕಲ್ಲಿನ ತುದಿ ಬಂದಾಗ ಕತ್ತಿಯನ್ನು ಬೆನ್ನಿನ ಮೇಲೆ ಹೊರಳಿಸಿ ವಾಪಸ್. ಮೊದಲು 1000 ನಂಬರಿನ ಕಲ್ಲು, ಆಮೇಲೆ 4000, ಆಮೇಲೆ 8000. ನಂಬರು ಏರಿದಂತೆ ಕಣ ಸಣ್ಣದಾಗುತ್ತದೆ. 8000ದ ಕಲ್ಲಿನಲ್ಲಿ ಕಣದ ಗಾತ್ರ ಒಂದೆರಡು ಮೈಕ್ರಾನ್ ಅಷ್ಟೆ. ನಮ್ಮ ತಲೆಕೂದಲಿನ ದಪ್ಪವೇ ಐವತ್ತು ಮೈಕ್ರಾನ್ ದಾಟುತ್ತದೆ.

ನಾನು ಪ್ರತಿ ಸಲ 8000ದವರೆಗೆ ಮಸೆದು, ಆಮೇಲೆ ಹೊಸ ಕಲ್ಲಿನ ಮೇಲೆ ನೀರು ಹಾಕಿ ಐವತ್ತು ಸಲ ಎಳೆದೆ. ಕಣ್ಣಿಟ್ಟಿದ್ದು ನೀರಿನ ಮೇಲೆ. ಕಲ್ಲು ಉಕ್ಕನ್ನು ಕಚ್ಚುತ್ತಿದ್ದರೆ ನೀರು ಕಪ್ಪಾಗಬೇಕು.

ಗ್ರಾನೈಟಿನ ಮೇಲೆ ನೀರು ಕಪ್ಪಾಗಲೇ ಇಲ್ಲ. ಕತ್ತಿ ಸುಮ್ನೆ ಜಾರಿತು. ಹಠ ಹಿಡಿದು, 400ರ ಎಮರಿ ಪೇಪರಿನಿಂದ ಕಲ್ಲಿನ ಹೊಳಪು ತೆಗೆದೆ. ಈಗ ಕಚ್ಚಿತು, ಆದರೆ ಒಂದು ಕಡೆ ಕಚ್ಚಿ ಇನ್ನೊಂದು ಕಡೆ ಜಾರಿತು. ಭೂತಗನ್ನಡಿಯಲ್ಲಿ ನೋಡಿದರೆ ಅಲಗಿನ ತುದಿಯಲ್ಲಿ ಅಲ್ಲಲ್ಲಿ ಹಲ್ಲು ಎದ್ದಿತ್ತು. ಗ್ರಾನೈಟ್ ಅಂದರೆ ಗಟ್ಟಿತನ ಬೇರೆ ಬೇರೆಯಿರುವ ಹರಳುಗಳ ಸಂತೆ. ಮೇಲಿನ ಹೊಳಪು ಪಾಲಿಶ್ ಮೆಷಿನ್ ಕೊಟ್ಟಿದ್ದು. ಅದನ್ನು ನೋಡಿ ಕಲ್ಲಿನ ಕಣವೇ ನಯ ಅಂದುಕೊಂಡಿದ್ದು ನನ್ನ ದಡ್ಡತನ.

ಮಾರ್ಬಲ್ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಅದು ಉಕ್ಕಿಗಿಂತ ಮೆತ್ತಗೆ.

ಕಡಪ ಕಲ್ಲು ಮಾತ್ರ ನನ್ನನ್ನು ಚೆನ್ನಾಗಿ ಏಮಾರಿಸಿತು. ನೀರು ಬೂದಿಬಣ್ಣಕ್ಕೆ ತಿರುಗಿತು. ಹಿಗ್ಗಿಹೋದೆ. ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿದರೆ, ಅದು ಉಕ್ಕಿನ ಕಪ್ಪಲ್ಲ, ಕಲ್ಲಿನದೇ ಪುಡಿ! ಆ ಪುಡಿಗೆ ನಿಂಬೆರಸ ಬಿಟ್ಟೆ, ಸಣ್ಣಗೆ ಗುಳ್ಳೆ ಎದ್ದಿತು. ಕರ್ರಗಿದೆ ಅಂತ ಸ್ಲೇಟಿನ ನೆಂಟ ಅಂದುಕೊಂಡಿದ್ದೆ. ಅದು ಸುಣ್ಣದ ಕಲ್ಲಿನ ಜಾತಿ. ಹಳೆಯ ಮನೆಗಳ ಕಡಪ ಕಟ್ಟೆಯ ಮೇಲೆ ನಿಂಬೆ, ಹುಣಸೆ ಚೆಲ್ಲಿದ ಕಡೆಯೆಲ್ಲ ಬಿಳಿ ಕಲೆ ಕೂರುವುದು ಅದಕ್ಕೇ.

ಕ್ವಾರ್ಟ್ಜ್ ಸ್ಲ್ಯಾಬನ್ನು ನಾನು ಮಸೆಯಲೇ ಇಲ್ಲ. ಅದು ಗಣಿಯ ಕಲ್ಲಲ್ಲ, ಕ್ವಾರ್ಟ್ಜ್ ಪುಡಿಗೆ ರಾಳ ಕಲಸಿ ಒತ್ತಿದ್ದು. ಅದನ್ನು ಒಣಗಿದ್ದಾಗಲೇ ಕತ್ತರಿಸಿದರೆ, ಉಜ್ಜಿದರೆ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಸೇರಿ ಸಿಲಿಕೋಸಿಸ್ ತರುತ್ತದೆ. ಕೆಲಸಗಾರರಿಗೆ ಈ ಕಾಯಿಲೆ ಬಂದಿದ್ದರಿಂದಲೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಕಲ್ಲನ್ನು ನಿಷೇಧಿಸಿತು. ಗ್ರಾನೈಟಿನಲ್ಲೂ ಸಿಲಿಕಾ ಇದೆ, ಸ್ಲೇಟಿನಲ್ಲೂ ಇದೆ. ನೀವೂ ಪ್ರಯೋಗಕ್ಕೆ ಇಳಿದರೆ, ದಯವಿಟ್ಟು ನೀರಿಲ್ಲದೆ ಕಲ್ಲು ಉಜ್ಜಬೇಡಿ.

ಕೊನೆಗೆ ಸ್ಲೇಟ್. ಜರ್ಮನಿಯ ತುರಿಂಗಿಯಾದಲ್ಲಿ, ವೇಲ್ಸ್‌ನಲ್ಲಿ ಸ್ಲೇಟನ್ನೇ ಸಾಣೆಕಲ್ಲು ಮಾಡುತ್ತಿದ್ದರು, ಹಾಗಾಗಿ ಆಸೆಯಿತ್ತು. ಒಂದು ಗಾಜಿನ ಮೇಲೆ ಒದ್ದೆ ಎಮರಿ ಪೇಪರ್ ಹಾಸಿ, ಅದರ ಮೇಲೆ ಉಜ್ಜಿ ಕಲ್ಲನ್ನು ಸಮ ಮಾಡಿದೆ. ಸ್ಟೀಲ್ ಸ್ಕೇಲನ್ನು ನೆಟ್ಟಗೆ ನಿಲ್ಲಿಸಿ ನೋಡಿದರೆ ಅಡಿಯಿಂದ ಬೆಳಕು ನುಸುಳಬಾರದು. ಇದಕ್ಕೇ ಒಂದು ಭಾನುವಾರ ಹೋಯಿತು. ಐವತ್ತು ಎಳೆತಕ್ಕೆ ಏನೂ ಇಲ್ಲ. ನೂರು ದಾಟಿದ ಮೇಲೆ ನೀರಿನಲ್ಲಿ ಕಾಡಿಗೆಯಂಥ ಒಂದು ಗೆರೆ ಕಂಡಿತು. ಇದು ಉಕ್ಕೇ! ಇನ್ನೂರಾದ ಮೇಲೆ ಚರ್ಮದ ಪಟ್ಟಿಗೆ ಎಳೆದು, ಮುಂಗೈ ಕೂದಲಿಗೆ ತಾಗಿಸಿದೆ. ಸದ್ದಿಲ್ಲದೆ ಉದುರಿತು. ಆದರೆ ಕಲ್ಲಿನ ಒಂದು ಮೂಲೆಯಲ್ಲಿ ಕಿರ್ ಅನ್ನುವ ಗಟ್ಟಿ ಕಣವಿದೆ. ಅಲ್ಲಿಗೆ ಪೆನ್ಸಿಲ್ಲಿನಿಂದ ಗುರುತು ಹಾಕಿದ್ದೇನೆ, ಆ ಕಡೆ ಕತ್ತಿ ಒಯ್ಯುವುದಿಲ್ಲ.

ಗ್ರಾನೈಟ್ ತುಂಡನ್ನು ಎಸೆದಿಲ್ಲ. ಕಾರ್ಖಾನೆಗಳಲ್ಲಿ ಮಟ್ಟ ನೋಡಲು ಗ್ರಾನೈಟ್ ಸರ್ಫೇಸ್ ಪ್ಲೇಟ್ ಇಟ್ಟುಕೊಳ್ಳುತ್ತಾರೆ. ನನ್ನದು ಅಷ್ಟು ನಿಖರವಲ್ಲ, ಆದರೆ ಸವೆದ ಸಾಣೆಕಲ್ಲನ್ನು ಸಮ ಮಾಡಲು ಗಾಜಿಗಿಂತ ಇದೇ ವಾಸಿ, ಅಲುಗಾಡುವುದಿಲ್ಲ. ಮಾರ್ಬಲ್ ಮೇಲೆ ಅಮ್ಮ ಚಪಾತಿ ಲಟ್ಟಿಸುತ್ತಾರೆ.

ಇವತ್ತು ಬೆಳಗ್ಗೆ ಗಡ್ಡ ಮಾಡಿಕೊಂಡಿದ್ದು ಸ್ಲೇಟಿನಲ್ಲಿ ಮಸೆದ ಕತ್ತಿಯಲ್ಲೇ. ಎಡಗೆನ್ನೆಯ ಮೇಲೆ ಒಂದು ಸಣ್ಣ ಗೀರಿದೆ. ಇದು ಬಾನುಲಿ, ನಿಮಗೆ ಕಾಣಿಸುವುದಿಲ್ಲ. ನಮಸ್ಕಾರ.