ಯುದ್ಧ ಉಕ್ರೇನಿನಲ್ಲಿ, ಸಂಪರ್ಕ ಕಡಿದದ್ದು ಜರ್ಮನಿಯ ಗಾಳಿಯಂತ್ರಕ್ಕೆ. ಹೇಗೆ?

[ತೆರೆಯ ಮೇಲೆ: ಬಯಲಿನಲ್ಲಿ ತಿರುಗುತ್ತಿರುವ ಗಾಳಿಯಂತ್ರಗಳು]

ನಮಸ್ಕಾರ. 2022ರ ಫೆಬ್ರವರಿ 24, ಬೆಳಗಿನ ಜಾವ. ರಷ್ಯಾ ಸೇನೆ ಉಕ್ರೇನಿನೊಳಗೆ ನುಗ್ಗಿತು. ಅದೇ ಹೊತ್ತಿಗೆ ಮಧ್ಯ ಯುರೋಪಿನಲ್ಲಿ ಎನರ್‌ಕಾನ್ ಅನ್ನೋ ಜರ್ಮನ್ ಕಂಪನಿಯ ಸುಮಾರು 5,800 ಗಾಳಿಯಂತ್ರಗಳ ಸುದ್ದಿಯೇ ನಿಂತುಹೋಯಿತು. ಚಿತ್ರದುರ್ಗದ ಗುಡ್ಡಗಳ ಮೇಲೆ ನೋಡಿರ್ತೀರಲ್ವಾ, ಅಂಥವೇ. ರೆಕ್ಕೆ ತಿರುಗುತ್ತಿತ್ತು, ಕರೆಂಟೂ ಬರುತ್ತಿತ್ತು. ಆದರೆ ಯಾವ ಯಂತ್ರ ಹೇಗಿದೆ ಅಂತ ದೂರದಿಂದ ನೋಡೋಕೆ ಆಗುತ್ತಿರಲಿಲ್ಲ.

ಯುದ್ಧ ಎಲ್ಲಿ, ಗಾಳಿಯಂತ್ರ ಎಲ್ಲಿ? ಈ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಮೊದಲು ಒಂದು ಸಣ್ಣ ವಿಷಯ, ಬೇಗ ಮುಗಿಸುತ್ತೇನೆ. ಭೂಮಧ್ಯರೇಖೆಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹ ನಮ್ಮ ಕಣ್ಣಿಗೆ ಒಂದೇ ಕಡೆ ನಿಂತ ಹಾಗೆ ಇರುತ್ತದೆ. ಮನೆ ಮೇಲಿನ ಟಿವಿ ಡಿಶ್ ಅನ್ನು ಒಮ್ಮೆ ತಿರುಗಿಸಿ ಬಿಗಿ ಮಾಡಿದರೆ ಸಾಕಾಗೋದು ಅದಕ್ಕೇ. 2010ರಲ್ಲಿ ಹಾರಿಸಿದ ಕೆಎ-ಸ್ಯಾಟ್ ಅಂಥದ್ದೊಂದು ಉಪಗ್ರಹ. ಆ ಹೊತ್ತಿಗೆ ಅದು ಅಮೆರಿಕದ ವಯಾಸ್ಯಾಟ್ ಕಂಪನಿಯ ಕೈಯಲ್ಲಿತ್ತು. ಯುರೋಪಿನ ಹಳ್ಳಿಮನೆಗಳಿಗೆ ಇಂಟರ್ನೆಟ್ ಅದರಿಂದ, ಗಾಳಿಯಂತ್ರಗಳಿಗೂ ಅದರಿಂದ. ಉಕ್ರೇನ್ ಸೇನೆಯೂ ಅದನ್ನೇ ಬಳಸುತ್ತಿತ್ತು.

ಈಗ ಅಸಲಿ ಕಥೆ. ದಾಳಿ ಮಾಡಿದವರು ಉಪಗ್ರಹವನ್ನು ಮುಟ್ಟಲೇ ಇಲ್ಲ. ಕ್ಷಿಪಣಿ ಇಲ್ಲ, ಲೇಸರ್ ಇಲ್ಲ. ಕೆಎ-ಸ್ಯಾಟ್ ತನ್ನ ಪಾಡಿಗೆ ತಾನಿತ್ತು. ಅವರು ಹೊಕ್ಕಿದ್ದು ನೆಲದ ಮೇಲಿನ ಜಾಲಕ್ಕೆ. ದೂರದಿಂದ ಒಳಬರಲು ಇಟ್ಟಿದ್ದ ಒಂದು ವಿಪಿಎನ್ ಸಾಧನದ ಸೆಟ್ಟಿಂಗ್ ಸರಿ ಇರಲಿಲ್ಲ. ಆ ಸಂದಿಯಲ್ಲಿ ನುಸುಳಿ, ಮೋಡೆಮ್‌ಗಳನ್ನು, ಅಂದರೆ ಮನೆ, ಗಾಳಿಯಂತ್ರಗಳನ್ನು ಉಪಗ್ರಹಕ್ಕೆ ಜೋಡಿಸುವ ಪೆಟ್ಟಿಗೆಗಳನ್ನು, ನೋಡಿಕೊಳ್ಳುವ ಭಾಗದವರೆಗೂ ಬಂದರು.

[ಕೈಯಲ್ಲಿ ಹಳೇ ಮೋಡೆಮ್, ಮುಚ್ಚಳ ತೆಗೆದಿದೆ]

ಇಲ್ಲಿ ಸ್ವಲ್ಪ ನಿಲ್ಲೋಣ. ಇದು ಮಾಮೂಲಿ ಮನೆ ಮೋಡೆಮ್. ಈ ಕಪ್ಪು ಚಿಪ್ ನೋಡಿ, ಉಗುರಿನಷ್ಟಿದೆ. ಇದು ಫ್ಲ್ಯಾಶ್ ಮೆಮೊರಿ. ಕರೆಂಟ್ ಹೋದರೂ ಇದರಲ್ಲಿ ಬರೆದದ್ದು ಅಳಿಯೋದಿಲ್ಲ. ಸ್ವಿಚ್ ಹಾಕಿದ ಕೂಡಲೇ ಮೋಡೆಮ್ ಇದನ್ನು ಓದಿಕೊಂಡು, ತಾನು ಯಾರು, ಯಾರನ್ನು ಕರೆಯಬೇಕು ಅಂತ ನೆನಪು ಮಾಡಿಕೊಳ್ಳುತ್ತದೆ. ಆ ದಿನ ಸಾವಿರಾರು ಮೋಡೆಮ್‌ಗಳಿಗೆ ಒಟ್ಟೊಟ್ಟಿಗೆ ಆಜ್ಞೆ ಹೋಯಿತು. ಬಂದದ್ದು ಕಂಪನಿಯದೇ ಜಾಲದಿಂದ, ಮೋಡೆಮ್ ಯಾಕೆ ಅನುಮಾನ ಪಡುತ್ತದೆ? ಚಿಪ್ಪಿನಲ್ಲಿ ಬರೆದದ್ದರ ಮೇಲೆಲ್ಲ ಬೇರೇನೋ ಗೀಚಿತು. ವಿಳಾಸ ಬರೆದಿಟ್ಟ ಸ್ಲೇಟಿನ ಮೇಲೆ ಮಗು ಬಳಪದಲ್ಲಿ ಗೀಚಿದ ಹಾಗೆ. ಸ್ಲೇಟು ಒಡೆದಿಲ್ಲ, ಆದರೆ ಓದೋಕೆ ಏನೂ ಉಳಿದಿಲ್ಲ.

ಮತ್ತೆ ಬರೆದರಾಯಿತಲ್ವಾ? ಬರೆಯೋದು ಹೇಗೆ! ರಿಪೇರಿ ಮಾಡುವ ಸಾಫ್ಟ್‌ವೇರ್ ಬರಬೇಕಾದ ದಾರಿಯೇ ಆ ಮೋಡೆಮ್. ಕೊನೆಗೆ ಸುಮಾರು 30,000 ಹೊಸ ಮೋಡೆಮ್‌ಗಳನ್ನು ಕಳಿಸಬೇಕಾಯಿತು. ಭದ್ರತಾ ತಜ್ಞರು ಈ ಅಳಿಸುವ ತಂತ್ರಾಂಶಕ್ಕೆ ಆಸಿಡ್‌ರೇನ್ ಅಂತ ಹೆಸರಿಟ್ಟರು. ಇದು ರಷ್ಯಾದ ಕೆಲಸ, ಆಕ್ರಮಣಕ್ಕೆ ಒಂದು ಗಂಟೆ ಮೊದಲು ನಡೆದದ್ದು ಅಂತ ಐರೋಪ್ಯ ಒಕ್ಕೂಟ ಅದೇ ವರ್ಷ ಮೇ 10ರಂದು ಹೇಳಿತು.

ನನಗೆ ಸಂಕಟ ಆಗೋದು ಇಲ್ಲೇ. ಸೈನಿಕರೂ ಹಳ್ಳಿಯ ಜನರೂ ಒಂದೇ ಉಪಗ್ರಹಕ್ಕೆ ಜೋತುಬಿದ್ದಿದ್ದಾರೆ. ಪೆಟ್ಟು ಸೇನೆಗೆ ಅಂತ ಹೊಡೆದರೂ ಬೀಳೋದು ಇಬ್ಬರಿಗೂ. ಬಾಹ್ಯಾಕಾಶ ರಕ್ಷಣೆ ಅಂದರೆ ನಾವೆಲ್ಲ ಮೇಲೆ ನೋಡುತ್ತೇವೆ. ಕಾವಲು ಮೊದಲು ಬೇಕಾಗಿದ್ದದ್ದು ಕೆಳಗೆ.

[ತೆರೆಯ ಮೇಲೆ: ಹತ್ತಿರ ಹತ್ತಿರ ಎರಡು ಉಪಗ್ರಹಗಳ ಚಿತ್ರ]

ಹಾಗಂತ ಮೇಲೆ ಏನೂ ಇಲ್ಲ ಅಂತಲ್ಲ. ಟೈಮ್ ಕಡಿಮೆ ಇದೆ, ಬೇಗ ಹೇಳುತ್ತೇನೆ. 2017ರಲ್ಲಿ ರಷ್ಯಾದ ಲೂಚ್-ಒಲಿಂಪ್ ಉಪಗ್ರಹ, ಫ್ರಾನ್ಸ್ ಮತ್ತು ಇಟಲಿಯ ಸೇನೆಗಳು ಬಳಸುವ ಅಥೆನಾ-ಫಿಡಸ್ ಉಪಗ್ರಹದ ಪಕ್ಕಕ್ಕೆ ಬಂದು ನಿಂತಿತು. ಮರುವರ್ಷ ಫ್ರಾನ್ಸಿನ ರಕ್ಷಣಾ ಸಚಿವೆ ಫ್ಲಾರೆನ್ಸ್ ಪಾರ್ಲಿ ಇದನ್ನು ಬೇಹುಗಾರಿಕೆ ಅಂತ ಬಹಿರಂಗವಾಗಿ ಕರೆದರು. ಪಕ್ಕದಲ್ಲಿ ನಿಂತರೆ ಏನು ಲಾಭ? ಟಾರ್ಚ್ ಬೆಳಕು ದೂರ ಹೋದಷ್ಟೂ ಅಗಲ ಆಗುತ್ತದಲ್ಲ, ನೆಲದಿಂದ ಹೋಗುವ ರೇಡಿಯೋ ಕಿರಣವೂ ಹಾಗೇ. ಪಕ್ಕದಲ್ಲಿದ್ದವರ ಮೇಲೂ ಬೀಳುತ್ತದೆ, ಅವರು ಕದ್ದು ಕೇಳಬಹುದು. 2025ರಲ್ಲಿ ಜರ್ಮನಿಯ ರಕ್ಷಣಾ ಸಚಿವ ಬೋರಿಸ್ ಪಿಸ್ಟೋರಿಯಸ್, ತಮ್ಮ ಸೇನೆ ಬಳಸುವ ಉಪಗ್ರಹಗಳ ಬೆನ್ನಿಗೂ ಲೂಚ್-ಒಲಿಂಪ್ ಉಪಗ್ರಹಗಳು ಬಿದ್ದಿವೆ ಅಂದರು. 2030ರೊಳಗೆ ಬಾಹ್ಯಾಕಾಶ ರಕ್ಷಣೆಗೆ 3,500 ಕೋಟಿ ಯೂರೋ ಅಂತ ಘೋಷಿಸಿದರು. ಐರೋಪ್ಯ ಒಕ್ಕೂಟದ್ದು ಇನ್ನೊಂದು ಯೋಜನೆ, ಐರಿಸ್-ಸ್ಕ್ವೇರ್. ಸಂಪರ್ಕಕ್ಕೆ ಸುಮಾರು 290 ಉಪಗ್ರಹಗಳ ಸ್ವಂತ ಜಾಲ. 2024ರ ಡಿಸೆಂಬರ್‌ನಲ್ಲಿ ಒಪ್ಪಂದ ಆಗಿದೆ.

ಕೊನೆಯದಾಗಿ ಟಾರ್ಟು. ಎಸ್ಟೋನಿಯಾದ ಪುಟ್ಟ ಊರು. 2024ರ ಏಪ್ರಿಲ್‌ನಲ್ಲಿ ಉಪಗ್ರಹದಿಂದ ಬರುವ ಜಿಪಿಎಸ್ ಸಂಕೇತಕ್ಕೆ ಅಡ್ಡಿ ಬಂದು, ಫಿನ್‌ಲ್ಯಾಂಡಿನ ಫಿನ್‌ಏರ್ ಕಂಪನಿಯ ವಿಮಾನಗಳು ಇಳಿಯಲಾಗದೆ ಹೆಲ್ಸಿಂಕಿಗೆ ವಾಪಸ್ ಹೋದವು. ಒಂದು ತಿಂಗಳು ಹಾರಾಟವೇ ಬಂದ್. ಟಾರ್ಟುವಿನವರು ಹೊಸ ಉಪಗ್ರಹ ಬರಲಿ ಅಂತ ಕಾಯಲಿಲ್ಲ. ನೆಲದ ರೇಡಿಯೋ ಸಾಧನ ನಂಬಿ ಇಳಿಯುವ ವ್ಯವಸ್ಥೆ ಮಾಡಿಕೊಂಡರು. ಜೂನ್‌ನಲ್ಲಿ ವಿಮಾನ ಮತ್ತೆ ಬಂತು.