ಕಿವಿ ಮುಟ್ಟಿದ ಕೈ ಮತ್ತು ಹತ್ತೊಂಬತ್ತರ ವಿಶ್ವಕಪ್

(ವಿಜಯಪುರದಲ್ಲಿ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ಬೇಸಿಗೆ ಶಿಬಿರದ ಕೊನೆಯ ದಿನ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಕೆಲಸ ಮುಗಿಸೋಣ. ನಾಳೆ ಜೂನ್ 1. ಈ ಹಾಲ್‌ನಲ್ಲಿ ಯಾರ್ಯಾರ ಹುಟ್ಟುಹಬ್ಬ ನಾಳೆ? ಕೈ ಎತ್ತಿ. ಅವ್ವ ಹೇಳುವ ಹುಟ್ಟುಹಬ್ಬ ಅಲ್ಲ, ಶಾಲೆಯ ದಾಖಲೆಯಲ್ಲಿ ಇರೋದು. ನೋಡಿ, ನೋಡಿ! ಹಿಂದೆ ಕೂತ ಅಜ್ಜಂದಿರು ಸಾಲಿಗೆ ಸಾಲೇ ಎತ್ತಿದ್ದಾರೆ. ವೇದಿಕೆ ಮೇಲೆ ಇಬ್ಬರು ಎತ್ತೋದಾ ಬೇಡವಾ ಅಂತ ನೋಡುತ್ತಿದ್ದಾರೆ. ಎತ್ತಿ ಸರ್, ನನ್ನದೂ ನಾಳೆಯೇ.

ನಗಬೇಡಿ, ಇವತ್ತಿನ ವಿಷಯ ಇದೇ. ಸಂಘಟಕರು ನನಗೆ ಕೊಟ್ಟದ್ದು ‘ಹತ್ತೊಂಬತ್ತರೊಳಗಿನ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ವಿಶ್ವಕಪ್ ನಡೆದು ಬಂದ ದಾರಿ’. ನಲವತ್ತು ನಿಮಿಷ ಕೊಟ್ಟಿದ್ದಾರೆ. ಆರು ಅಂಶ ಬರೆದುಕೊಂಡು ಬಂದಿದ್ದೇನೆ. ಮೂರು ಮುಗಿಸಿದರೆ ನನ್ನ ಪುಣ್ಯ.

ಇಪ್ಪತ್ತು ದಿನದಿಂದ ಈ ಹುಡುಗಿಯರು ಬೆಳಿಗ್ಗೆ ಐದೂವರೆಗೆ ಸಿಮೆಂಟ್ ಕೋರ್ಟ್ ಮೇಲೆ ಓಡುತ್ತಿದ್ದಾರೆ. ಎಂಟು ಗಂಟೆಗೆ ಆ ಕೋರ್ಟ್ ರೊಟ್ಟಿ ಹೆಂಚಿನ ಹಾಗೆ ಕಾಯುತ್ತದೆ. ಆಮೇಲೆ ಅಪ್ಪಂದಿರು ಬಂದು ನನ್ನನ್ನು ಕೇಳುವ ಪ್ರಶ್ನೆ ಒಂದೇ: ‘ಟೀಚರ್, ನಮ್ಮ ಹುಡುಗಿ ಇನ್ನೂ ಎತ್ತರ ಆಗ್ತಾಳೇನ್ರಿ?’ ಎತ್ತರದ ವಿಷಯ ಬಿಡಿ ಸ್ವಲ್ಪ. ನಾನು ಹೇಳೋದು ಪಂಚಾಂಗದ ವಿಷಯ. ಯಾವ ವರ್ಷ ಹುಟ್ಟಿದಳು, ಯಾವ ತಿಂಗಳು ಹುಟ್ಟಿದಳು, ಅದು ಕಾಗದದಲ್ಲಿ ಸರಿಯಾಗಿ ಇದೆಯಾ. ಹೇಳಿದ್ದನ್ನೇ ಗೋಳಗುಮ್ಮಟದ ಹಾಗೆ ಏಳು ಸಲ ಹೇಳುತ್ತೇನೆ ಅಂತ ನನ್ನ ಹುಡುಗಿಯರು ಆಡಿಕೊಳ್ಳುತ್ತಾರೆ. ಇರಲಿ.

ಈ ಟೂರ್ನಿ ಶುರುವಾಗಿದ್ದು 1985ರಲ್ಲಿ, ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ. ಹುಡುಗರಿಗೆ ಇದೇ ವಯಸ್ಸಿನ ವಿಶ್ವ ಟೂರ್ನಿ 1979ರಲ್ಲೇ ಬ್ರೆಜಿಲ್‌ನಲ್ಲಿ ಆಗಿತ್ತು. ಹುಡುಗಿಯರು ಆರು ವರ್ಷ ಕಾಯಬೇಕಾಯಿತು. ಅದರಲ್ಲಿ ಆಶ್ಚರ್ಯ ಏನಿಲ್ಲ. ನಮ್ಮ ಮನೆಯಲ್ಲೂ ಮೊದಲ ಸೈಕಲ್ ಅಣ್ಣನಿಗೇ ಬರೋದು, ಅಲ್ವಾ? ಮೊದಲ ಸಲ ಗೆದ್ದದ್ದು ಸೋವಿಯತ್ ಒಕ್ಕೂಟ. ಎರಡನೇ ಸ್ಥಾನ ದಕ್ಷಿಣ ಕೊರಿಯಾಕ್ಕೆ. ಏಷ್ಯಾದ ಹುಡುಗಿಯರು ಮೊದಲ ಸಲವೇ ಬೆಳ್ಳಿ ತಂದರು, ಇದನ್ನು ಒಂದು ಕಡೆ ಇಟ್ಟುಕೊಳ್ಳಿ. ಆತಿಥ್ಯ ವಹಿಸಿದ ಅಮೆರಿಕಕ್ಕೆ ಪದಕವೇ ಇಲ್ಲ. 1989ರಲ್ಲಿ ಸ್ಪೇನ್‌ನ ಬಿಲ್ಬಾವೊದಲ್ಲಿ ಮತ್ತೆ ಸೋವಿಯತ್. 1993ರಲ್ಲಿ ಸಿಯೋಲ್, ಅಲ್ಲಿ ಆಸ್ಟ್ರೇಲಿಯಾ. ಈ ಮೂರೂ ಸಲ ಅಮೆರಿಕದವರು ಬರಿಗೈಲಿ ಮನೆಗೆ ಹೋದರು. ಇವತ್ತು ಯಾರಾದರೂ ನಂಬುತ್ತಾರಾ?

1985, 1989, 1993. ನಾಲ್ಕು ವರ್ಷಕ್ಕೊಮ್ಮೆ. ನನ್ನ ತಕರಾರು ಇರೋದು ಇಲ್ಲಿ. ಒಲಿಂಪಿಕ್ಸ್ ನಾಲ್ಕು ವರ್ಷಕ್ಕೊಮ್ಮೆ ಆದರೆ ಸರಿ, ಇಪ್ಪತ್ತಕ್ಕೆ ತಪ್ಪಿದವಳು ಇಪ್ಪತ್ತನಾಲ್ಕಕ್ಕೆ ಆಡುತ್ತಾಳೆ. ಹತ್ತೊಂಬತ್ತರೊಳಗಿನವರಿಗೆ ನಾಲ್ಕು ವರ್ಷದ ಅಂತರ ಅಂದರೆ ಏನು? ಲೆಕ್ಕ ಹಾಕಿ. ಟೂರ್ನಿ ನಡೆಯುವ ವರ್ಷ ನಿಮಗೆ ಹತ್ತೊಂಬತ್ತು ಆದರೆ ನೀವು ಅದೃಷ್ಟವಂತರು. ಹದಿನಾರು ಆದರೆ, ಆಗಲೇ ಹತ್ತೊಂಬತ್ತರವರ ಜೊತೆ ಗುದ್ದಾಡಬೇಕು. ಯಾಕಂದರೆ ಮುಂದಿನದು ಬರುವ ಹೊತ್ತಿಗೆ ನಿಮಗೆ ಇಪ್ಪತ್ತು.

ಉದಾಹರಣೆ ಕೊಡುತ್ತೇನೆ. ಆಸ್ಟ್ರೇಲಿಯಾದ ಲಾರೆನ್ ಜಾಕ್ಸನ್. ಹೆಂಗಸರ ಬಾಸ್ಕೆಟ್‌ಬಾಲ್ ಬಗ್ಗೆ ಮಾತಾಡುವವರು ಯಾರೂ ಬಿಡಲಾರದ ಹೆಸರು. ಹುಟ್ಟಿದ್ದು 1981ರ ಮೇ. 1997ರಲ್ಲಿ ಬ್ರೆಜಿಲ್‌ನ ನಟಾಲ್‌ನಲ್ಲಿ ಟೂರ್ನಿ ಆದಾಗ ಆಕೆಗೆ ಹದಿನಾರು. ಆಡಿದಳು, ತಂಡ ಬೆಳ್ಳಿ ಗೆದ್ದಿತು. ಚಿನ್ನ ಮೊದಲ ಸಲ ಅಮೆರಿಕಕ್ಕೆ ಹೋಯಿತು. ಮುಂದಿನ ಟೂರ್ನಿ 2001ರಲ್ಲಿ, ಜೆಕ್ ಗಣರಾಜ್ಯದ ಬ್ರ್ನೊದಲ್ಲಿ. ಅಷ್ಟರಲ್ಲಿ ಆಕೆ ಸಿಡ್ನಿ ಒಲಿಂಪಿಕ್ಸ್‌ನಲ್ಲೇ ಬೆಳ್ಳಿ ಗೆದ್ದಿದ್ದಳು, ಆದರೆ ಈ ಟೂರ್ನಿಗೆ ವಯಸ್ಸು ಮೀರಿತ್ತು. ಆಕೆ ಜಾಕ್ಸನ್, ಹದಿನಾರಕ್ಕೇ ತಂಡದಲ್ಲಿ ಜಾಗ ಸಿಕ್ಕಿತು. 1981ರಲ್ಲೇ ಹುಟ್ಟಿ, ಹದಿನೆಂಟಕ್ಕೆ ಆಟ ಕುದುರಿದ ಹುಡುಗಿಯರು ಎಷ್ಟು ಜನ ಇದ್ದಿರಬೇಕು? ಅವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಅವರು ಆಟದಲ್ಲಿ ಸೋತವರಲ್ಲ. ಪಂಚಾಂಗದಲ್ಲಿ ಸೋತವರು.

ಈಗ ನನ್ನ ಕಥೆ. ನನ್ನ ಹಳೇ ವಿದ್ಯಾರ್ಥಿನಿಯರು ಮುಖ ಮುಖ ನೋಡುತ್ತಿದ್ದಾರೆ, ‘ಶುರು ಆಯ್ತು’ ಅಂತ. ಕೇಳದವರೂ ಇದ್ದಾರಮ್ಮ, ಕೂತ್ಕೊಳ್ಳಿ.

ನಾನು ಇಂಡಿ ತಾಲ್ಲೂಕಿನ ಒಂದು ಹಳ್ಳಿಯವಳು. ಹುಟ್ಟಿದ್ದು 1971ರ ದೀಪಾವಳಿಯಲ್ಲಿ. ನಮ್ಮ ಅಮ್ಮನಿಗೆ, ಅಂದರೆ ಅಜ್ಜಿಗೆ, ತಾರೀಖು ಗೊತ್ತಿರಲಿಲ್ಲ. ಕೆಂದಾಕಳು ಕರು ಹಾಕಿದ ಮರುದಿನ ಅಂತ ಗೊತ್ತಿತ್ತು. ನನಗೆ ನಾಲ್ಕೂವರೆ ವರ್ಷ ದಾಟಿದಾಗ ಅವ್ವ ಕಳೆ ತೆಗೆಯಲು ಹೊಲಕ್ಕೆ ಹೋಗಬೇಕು, ಅಜ್ಜಿಗೆ ಕಣ್ಣು ಕಾಣೋದಿಲ್ಲ, ನನ್ನನ್ನು ನೋಡಿಕೊಳ್ಳುವವರು ಇಲ್ಲ. ಅಪ್ಪ ಅಕ್ಕನ ಜೊತೆ ನನ್ನನ್ನೂ ಶಾಲೆಗೆ ಕರೆದುಕೊಂಡು ಹೋದ. ಮಾಸ್ತರ್ರು ಮೇಲಿಂದ ಕೆಳಗೆ ನೋಡಿದರು.

‘ಏ ತಂಗಿ, ಇಲ್ಲಿ ಬಾ. ತಲಿ ಮ್ಯಾಲಿಂದ ಕೈ ಹಾಕಿ ಆ ಕಡೀ ಕಿವಿ ಮುಟ್ಟು ನೋಡೂಣು.’

ಆಗ ವಯಸ್ಸಿನ ಪರೀಕ್ಷೆ ಅದೇ ತಾನೇ? ಬಲಗೈ ತಲೆ ದಾಟಿ ಎಡಗಿವಿ ಮುಟ್ಟಿದರೆ ಶಾಲೆಗೆ ಸೇರುವ ವಯಸ್ಸು. ಮುಟ್ಟದಿದ್ದರೆ ಮುಂದಿನ ವರ್ಷ ಬಾ. ನಾನು ಮುಟ್ಟಿದೆ. ಮುಟ್ಟಿದ್ದಷ್ಟೇ ಅಲ್ಲ, ಓಲೆ ಹಿಡಿದು ಎಳೆದು ತೋರಿಸಿದೆ.

‘ಏನ್ ಕೈರೀ ಇವು! ಆರು ತುಂಬ್ಯಾವ ಇಕಿಗೆ,’ ಅಂದರು ಮಾಸ್ತರ್ರು.

‘ಹೂನ್ರಿ, ತುಂಬಿರಬೇಕು, ಬರಕೊಳ್ರಿ,’ ಅಂದ ಅಪ್ಪ.

ಬರೆದುಕೊಂಡರು: 1-6-1970. ಒಂದೇ ಏಟಿಗೆ ನಾನು ಸುಮಾರು ಒಂದು ವರ್ಷ ನಾಲ್ಕು ತಿಂಗಳು ದೊಡ್ಡವಳಾದೆ. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಮಾಸ್ತರ್ರು ಒಳ್ಳೆಯವರು, ಮಗು ಬಿಸಿಲಲ್ಲಿ ತಿರುಗುವ ಬದಲು ನೆರಳಲ್ಲಿ ಕೂತಿರಲಿ ಅಂದುಕೊಂಡರು.

ಆ ಉದ್ದ ಕೈ ಮುಂದೆ ಏನು ಮಾಡಿತು ಗೊತ್ತಾ? ಹೈಸ್ಕೂಲಿನಲ್ಲಿ ಬಾಸ್ಕೆಟ್‌ಬಾಲ್ ಹಿಡಿಯಿತು. ರಿಂಗ್‌ಗೆ ತಾಗಿ ಬಂದ ಬಾಲ್ ಎಲ್ಲಾ ನನ್ನ ಕೈಗೇ. 1989ರಲ್ಲಿ ಜೂನಿಯರ್ ಆಯ್ಕೆಗೆ ಕರೆ ಬಂತು. ಹೊಸ ಕ್ಯಾನ್ವಾಸ್ ಶೂ ತಂದೆವು. ರಾತ್ರಿ ಬಸ್ಸಿನಲ್ಲಿ ಹೋದೆ. ಕೋರ್ಟ್‌ಗೆ ಇಳಿಯುವ ಮೊದಲೇ ಒಂದು ಮೇಜು ಇತ್ತು, ದಾಖಲೆ ನೋಡುವ ಮೇಜು. ಕಾಗದದ ಪ್ರಕಾರ ನನ್ನ ವಯಸ್ಸು ಮೀರಿದೆ ಅಂದರು. ನಿಜವಾದ ಲೆಕ್ಕದಲ್ಲಿ ನನಗೆ ಇನ್ನೂ ಒಂದು ವರ್ಷದ ಮೇಲೆ ಉಳಿದಿತ್ತು. ‘ನಮ್ಮ ಅಜ್ಜಿ ದೀಪಾವಳಿ ಅಂತಾಳೆ ಸರ್’ ಅಂದೆ. ಮೇಜಿನ ಹಿಂದೆ ಇದ್ದವರು ಚಷ್ಮಾ ತೆಗೆದು ಕೇಳಿದರು: ‘ನಿಮ್ಮ ಅಜ್ಜಿ ಸರ್ಟಿಫಿಕೇಟ್ ಕೊಡ್ತಾರೇನಮ್ಮ?’

ಶೂ ತೊಡೆ ಮೇಲೆ ಇಟ್ಟುಕೊಂಡು ವಾಪಸ್ ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ನಿಂತಿದ್ದ. ‘ಆರಿಸಿದ್ರೇನವ್ವಾ?’ ಅಂದ. ‘ಅವತ್ತು ಕಿವಿ ಮುಟ್ಟಬಾರದಿತ್ತಪ್ಪಾ’ ಅಂದೆ. ಅಪ್ಪನಿಗೆ ಅರ್ಥ ಆಗಲಿಲ್ಲ. ಆಮೇಲೆ ಅರ್ಥ ಆಯಿತು. ಊರು ತಲುಪುವವರೆಗೂ ಒಂದೂ ಮಾತಾಡಲಿಲ್ಲ.

ಅದೇ 1989. ಬಿಲ್ಬಾವೊದಲ್ಲಿ ಸೋವಿಯತ್ ಹುಡುಗಿಯರು ಕಪ್ ಎತ್ತಿದ ವರ್ಷ. ಆಗ ನನಗೆ ಬಿಲ್ಬಾವೊ ಅನ್ನೋದು ಊರೋ ಊಟವೋ ಗೊತ್ತಿರಲಿಲ್ಲ. ನಾನೇನು ವಿಶ್ವಕಪ್ ಆಡಿಬಿಡುತ್ತಿದ್ದೆ ಅಂತ ಹೇಳುತ್ತಿಲ್ಲ. ಆಯ್ಕೆಯ ಕೋರ್ಟ್ ಮೇಲೆ ಒಂದು ಗಂಟೆ ಆಡುತ್ತಿದ್ದೆ, ಅಷ್ಟೇ. ಆ ಒಂದು ಗಂಟೆ ನನ್ನದಾಗಿತ್ತು.

ನೀರು... ಥ್ಯಾಂಕ್ಸ್ ಅಮ್ಮ.

ಸರಿ, ಟೂರ್ನಿಗೆ ಬರೋಣ. 2001ರಲ್ಲಿ ಬ್ರ್ನೊದಲ್ಲಿ ತಮ್ಮ ಊರ ಜನರ ಮುಂದೆ ಜೆಕ್ ಹುಡುಗಿಯರು ಗೆದ್ದರು. 2005ರಲ್ಲಿ ಟ್ಯುನಿಸ್. ಅಲ್ಲಿಂದ ಅಮೆರಿಕದ ಓಟ. ಆಮೇಲೆ ದೊಡ್ಡ ಬದಲಾವಣೆ: 2007ರಿಂದ ಎರಡು ವರ್ಷಕ್ಕೊಮ್ಮೆ. ನನ್ನ ಕೇಳಿದರೆ ಈ ಟೂರ್ನಿಯ ಚರಿತ್ರೆಯಲ್ಲಿ ಯಾವ ಫೈನಲ್‌ಗಿಂತಲೂ ದೊಡ್ಡದು ಇದು. ಒಬ್ಬ ಹುಡುಗಿಗೆ ಒಂದಲ್ಲ, ಎರಡು ಅವಕಾಶ. ಅದೇ 2007ರಲ್ಲಿ ಬ್ರಾಟಿಸ್ಲಾವಾದಲ್ಲಿ ಫೈನಲ್ ತಲುಪಿದ್ದು ಸ್ವೀಡನ್. ಬಾಸ್ಕೆಟ್‌ಬಾಲ್ ಅಂದರೆ ಯಾರಿಗೂ ನೆನಪಾಗದ ದೇಶ.

ಈಗಿನ ನಿಯಮ ಸರಳ. ಜನವರಿ 1 ಗೆರೆ. 2025ರ ಟೂರ್ನಿಗೆ 2006ರಲ್ಲಿ ಅಥವಾ ಆಮೇಲೆ ಹುಟ್ಟಿರಬೇಕು. ಆದರೂ ಪಂಚಾಂಗ ಬಿಡೋದಿಲ್ಲ, ನೋಡಿ. ಅಮೆರಿಕದ ಪೇಜ್ ಬೆಕರ್ಸ್ ಮತ್ತು ಕೇಟ್ಲಿನ್ ಕ್ಲಾರ್ಕ್. ಹುಡುಗಿಯರೇ, ನಿಮ್ಮ ಮೊಬೈಲ್‌ನಲ್ಲಿ ಇವರ ವಿಡಿಯೋ ಇದೆ, ನನಗೆ ಗೊತ್ತು. ಬೆಕರ್ಸ್ ಹುಟ್ಟಿದ್ದು 2001ರ ಅಕ್ಟೋಬರ್ 20. ಕ್ಲಾರ್ಕ್ ಹುಟ್ಟಿದ್ದು 2002ರ ಜನವರಿ 22. ಮೂರು ತಿಂಗಳ ಅಂತರ. 2019ರಲ್ಲಿ ಬ್ಯಾಂಕಾಕ್‌ನಲ್ಲಿ ಇಬ್ಬರೂ ಒಂದೇ ತಂಡ. ಫೈನಲ್‌ನಲ್ಲಿ ಆಸ್ಟ್ರೇಲಿಯಾ ಹೆಚ್ಚುವರಿ ಸಮಯದವರೆಗೂ ಎಳೆಯಿತು, 74–70ಕ್ಕೆ ಅಮೆರಿಕ ಗೆದ್ದಿತು. ಶ್ರೇಷ್ಠ ಆಟಗಾರ್ತಿ ಬೆಕರ್ಸ್. ಎರಡು ವರ್ಷ ಕಳೆದು 2021ರಲ್ಲಿ ಹಂಗೇರಿಯ ಡೆಬ್ರೆಸೆನ್‌ನಲ್ಲಿ ಬೆಕರ್ಸ್ ಇಲ್ಲ, ವಯಸ್ಸು ಮೀರಿತ್ತು. ಕ್ಲಾರ್ಕ್ ಇದ್ದಳು. ಶ್ರೇಷ್ಠ ಆಟಗಾರ್ತಿ ಕ್ಲಾರ್ಕ್. ಈಗ ಬೆರಳು ಮಡಚಿ. ಕ್ಲಾರ್ಕ್ 22 ದಿನ ಮೊದಲು ಹುಟ್ಟಿದ್ದರೆ ಡಿಸೆಂಬರ್ 31. ಡೆಬ್ರೆಸೆನ್ ತಪ್ಪುತ್ತಿತ್ತು!

ನಮ್ಮಲ್ಲಿ ಮಗು ಹುಟ್ಟಿದ 21 ದಿನದೊಳಗೆ ನೋಂದಣಿ ಮಾಡಿಸಬೇಕು ಅಂತ ಕಾನೂನಿದೆ. 22 ದಿನಕ್ಕೆ ಎಷ್ಟು ಬೆಲೆ ಅಂತ ಈಗ ಗೊತ್ತಾಯಿತಲ್ಲ.

ಚೀಟಿ ಬಂತು. ಹತ್ತು ನಿಮಿಷ ಅಂತೆ. ಬರೆದದ್ದರಲ್ಲಿ ಸೆಂಡಾ ಬೆರೆನ್ಸನ್ ಕಥೆ ಇತ್ತು. ನೇಸ್ಮಿತ್ ಸಾಹೇಬರು 1891ರಲ್ಲಿ ಪೀಚ್ ಹಣ್ಣಿನ ಬುಟ್ಟಿ ನೇತುಹಾಕಿ ಈ ಆಟ ಕಂಡುಹಿಡಿದರು. ಮರುವರ್ಷವೇ ಇದನ್ನು ಹೆಣ್ಣುಮಕ್ಕಳಿಗೆ ಕಲಿಸಿದವಳು ಈ ಬೆರೆನ್ಸನ್. ನನ್ನ ಹಾಗೆ ಪಿ.ಟಿ. ಟೀಚರ್. ಕೋರ್ಟ್ ಅನ್ನು ಮೂರು ಭಾಗ ಮಾಡಿ, ಯಾರೂ ತಮ್ಮ ಭಾಗ ದಾಟಬಾರದು, ಇನ್ನೊಬ್ಬಳ ಕೈಯಿಂದ ಬಾಲ್ ಕಸಿಯಬಾರದು ಅಂತ ನಿಯಮ ಮಾಡಿದಳು. ಹುಡುಗಿಯರು ದಣಿಯಬಾರದಂತೆ! ಕಳೆ ತೆಗೆಯುವ ನಮ್ಮ ಅವ್ವನಿಗೆ ಹೇಳಿದ್ದರೆ ನಗುತ್ತಿದ್ದಳು. ಬೆರೆನ್ಸನ್ ಹುಟ್ಟಿದ್ದು ಲಿಥುವೇನಿಯಾದಲ್ಲಿ. 2013ರ ಟೂರ್ನಿ ಅಲ್ಲೇ ನಡೆಯಿತು.

ಬೇಗ ಹೇಳುತ್ತೇನೆ. 2005ರಿಂದ 2015ರವರೆಗೆ ಸತತ ಆರು ಸಲ ಅಮೆರಿಕ. 2017ರಲ್ಲಿ ಇಟಲಿಯ ಉಡಿನೆಯಲ್ಲಿ ರಷ್ಯಾ 86–82ಕ್ಕೆ ಆ ಸರಪಳಿ ಕಡಿಯಿತು. ಆಮೇಲೆ ಮತ್ತೆ ಅಮೆರಿಕವೇ. 2023ರಲ್ಲಿ ಮ್ಯಾಡ್ರಿಡ್‌ನಲ್ಲಿ ಸ್ಪೇನ್ ಮೂರೇ ಅಂಕದಿಂದ ಸೋತಿತು. 2025ರಲ್ಲಿ ಟೂರ್ನಿ ಮತ್ತೆ ಬ್ರ್ನೊಗೆ ಬಂತು. ಹದಿನಾರು ಟೂರ್ನಿಯಲ್ಲಿ ಹನ್ನೊಂದು ಅಮೆರಿಕದ್ದು. ಮೊದಲ ಮೂರರಲ್ಲಿ ಪದಕವೇ ಇಲ್ಲದವರದ್ದು, ಮರೆಯಬೇಡಿ.

ಎತ್ತರದ ಅಪ್ಪಂದಿರಿಗೆ ಒಂದು ಮಾತು. ಅಂದರೆ, ಎತ್ತರ ಕೇಳುವ ಅಪ್ಪಂದಿರಿಗೆ. ‘ನಾವು ಜೋಳದ ರೊಟ್ಟಿ ಜನ, ನಮ್ಮಿಂದ ಆಗೋದಿಲ್ಲ’ ಅಂತೀರಿ. 2021ರಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದದ್ದು ಯಾವ ದೇಶ? ಆಫ್ರಿಕಾದ ಮಾಲಿ. ಬಿಸಿಲು ನಮಗಿಂತ ಜಾಸ್ತಿ, ಸಮುದ್ರ ಇಲ್ಲ. ಹೊಲದಲ್ಲಿ ಸಜ್ಜೆ ಮತ್ತು ಜೋಳ. ಜೋಳದ ಮೇಲೆ ತಪ್ಪು ಹಾಕಬೇಡಿ.

ಭಾರತದ ಹುಡುಗಿಯರು ಈ ವಿಶ್ವಕಪ್‌ನಲ್ಲಿ ಇದುವರೆಗೆ ಆಡಿಲ್ಲ. ಬಾಗಿಲು ಮಾತ್ರ ನಮ್ಮ ಮನೆ ಮುಂದೆಯೇ ಬಂದಿತ್ತು. 2018ರಲ್ಲಿ ಹದಿನೆಂಟರೊಳಗಿನ ಏಷ್ಯಾ ಟೂರ್ನಿ ನಡೆದದ್ದು ಬೆಂಗಳೂರಿನಲ್ಲಿ. ಅಲ್ಲಿಯ ಮೊದಲ ನಾಲ್ಕು ತಂಡ ಬ್ಯಾಂಕಾಕ್ ವಿಶ್ವಕಪ್‌ಗೆ ಹೋದವು. ನಮಗೂ ಅವರಿಗೂ ಅಂತರ ಎಲ್ಲಿದೆ ಅಂದರೆ, ಆಸ್ಟ್ರೇಲಿಯಾ 1981ರಲ್ಲೇ ಕ್ಯಾನ್‌ಬೆರಾದಲ್ಲಿ ಕ್ರೀಡಾ ಸಂಸ್ಥೆ ತೆರೆದು, ಮೊದಲ ಎಂಟು ಆಟಗಳಲ್ಲಿ ಬಾಸ್ಕೆಟ್‌ಬಾಲ್ ಸೇರಿಸಿತು. ಹುಡುಗಿಯರು ಅಲ್ಲೇ ಇದ್ದು, ಓದಿ, ಆಡಿದರು. ಹನ್ನೆರಡು ವರ್ಷಕ್ಕೆ ಸಿಯೋಲ್‌ನಲ್ಲಿ ಕಪ್. ನಮ್ಮ ಹುಡುಗಿಯರು ಪಿಯುಸಿ ಎರಡನೇ ವರ್ಷಕ್ಕೆ ಬಂದ ಕೂಡಲೇ ಶೂ ಅಟ್ಟ ಸೇರುತ್ತದೆ. ‘ಪರೀಕ್ಷೆ ಮುಗೀಲಿ’ ಅಂತೀರಿ. ಪರೀಕ್ಷೆ ಮುಗಿಯುವ ಹೊತ್ತಿಗೆ ಹದಿನೆಂಟು. ಆಮೇಲೆ ‘ಒಂದು ಸಂಬಂಧ ಬಂದದ’ ಅಂತೀರಿ. ಹದಿನಾರರಿಂದ ಹತ್ತೊಂಬತ್ತು, ಮೂರೇ ವರ್ಷ. ಅದೇ ಮೂರು ವರ್ಷ ನಿಮಗೂ ಬೇಕು, ಕೋರ್ಟ್‌ಗೂ ಬೇಕು. ಮತ್ತೆ ಪಂಚಾಂಗ. ಏಳನೇ ಸಲ ಆಯಿತಾ? ಎಣಿಸುತ್ತಿದ್ದಾಳೆ ನೋಡಿ ಅಲ್ಲಿ ಒಬ್ಬಳು.

ಇನ್ನು ಮೂರು ಪಾಯಿಂಟ್ ಗೆರೆ, ಬಾಲಿನ ಸೈಜ್, ಅದೆಲ್ಲ ಇತ್ತು. ಉಪ್ಪಿಟ್ಟು ಆರುತ್ತಿದೆ ಅಂತ ಎರಡನೇ ಚೀಟಿ ಬಂದಿದೆ. ಅದನ್ನು ಕೋರ್ಟ್ ಮೇಲೆ ಹೇಳುತ್ತೇನೆ.

ಮುಂದಿನ ತಿಂಗಳಿಂದ ಸಂಜೆ ಅಭ್ಯಾಸ ಶುರು. ಹೆಸರು ಬರೆಸುವ ಮೇಜು ಹಿಂದಿನ ಬಾಗಿಲ ಹತ್ತಿರ ಇದೆ. ನಾನೇ ಕೂತಿರುತ್ತೇನೆ. ಜನನ ಪ್ರಮಾಣಪತ್ರದ ಒಂದು ಜೆರಾಕ್ಸ್ ತನ್ನಿ. ತಾರೀಖು ತಪ್ಪಾಗಿದ್ದರೆ ಈಗಲೇ ಹೇಳಿ, ತಿದ್ದಿಸಲು ನಾನೂ ನಿಮ್ಮ ಜೊತೆ ಕಚೇರಿಗೆ ಬರುತ್ತೇನೆ. ಕಿವಿ ಮುಟ್ಟಿ ತೋರಿಸಿದರೆ ನನ್ನ ಹತ್ತಿರ ನಡೆಯೋದಿಲ್ಲ.